ಕಂಪನಿಗೂ ಎಎಂಸಿ ಕಟ್ಟಬೇಕು ಅಂತ ಯಾರೂ ಹೇಳಲಿಲ್ಲ

ಮಾನ್ಯ ಸಂಪಾದಕರೇ,

ಸ್ವಂತ ಉದ್ಯಮ ಶುರು ಮಾಡಿ ಗೆದ್ದವರ ಕತೆಗಳು ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತವೆ, ನಾನು ತಪ್ಪದೆ ಓದುತ್ತೇನೆ. ನನ್ನದು ಗೆದ್ದ ಕತೆ ಅಲ್ಲ. ದೊಡ್ಡದಾಗಿ ಸೋತ ಕತೆಯೂ ಅಲ್ಲ, ಸಾಲ ಮಾಡಿ ಊರು ಬಿಟ್ಟವನೇನೂ ನಾನಲ್ಲ. ಒಂದು ಲಕ್ಷ ರೂಪಾಯಿ ಬಂಡವಾಳದ ಒಂದು ಪುಟ್ಟ ಪ್ರೈವೇಟ್ ಲಿಮಿಟೆಡ್ ಕಂಪನಿಯನ್ನು ಮುಚ್ಚಲು 1 ಲಕ್ಷ 77 ಸಾವಿರ ಖರ್ಚು ಮಾಡಿದ ಕತೆ. ಇಂಥದ್ದು ಪೇಪರಿನಲ್ಲಿ ಬರೋದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದ ಆಯಿತು, ಕತ್ತರಿ ಹಾಕುವುದಾದರೆ ಲೆಕ್ಕ ಇರುವ ಜಾಗಕ್ಕೆ ಮಾತ್ರ ಕೈ ಹಾಕಬೇಡಿ.

ನಾನು, ನನ್ನ ಭಾವಮೈದ ಇಬ್ಬರೂ ನೀರಿನ ಫಿಲ್ಟರ್ ಕೆಲಸದವರು. ಆರ್‌ಒ ಮಶಿನ್ ಹಾಕುವುದು, ರಿಪೇರಿ ಮಾಡುವುದು, ಎಎಂಸಿ, ಅಂದರೆ ವರ್ಷಪೂರ್ತಿ ನೋಡಿಕೊಳ್ಳುವ ಗುತ್ತಿಗೆ, ತೆಗೆದುಕೊಳ್ಳುವುದು. ಕಂಪನಿ ಗಿಂಪನಿ ಇಲ್ಲದೆ ಚೆನ್ನಾಗೇ ನಡೆಯುತ್ತಿತ್ತು. 2021ರಲ್ಲಿ ಒಂದು ದೊಡ್ಡ ಹಾಸ್ಟೆಲ್‌ನವರು ಎಲ್ಲಾ ಕಟ್ಟಡಗಳ ಮೆಂಟೆನೆನ್ಸ್ ಒಟ್ಟಿಗೆ ಕೊಡುತ್ತೇವೆ ಅಂದರು. ಆದರೆ ಅವರ ಪರ್ಚೇಸ್ ವಿಭಾಗದವರು, "ನಮ್ಮಲ್ಲಿ ವೆಂಡರ್ ಆಗಬೇಕಾದರೆ ಪ್ರೈವೇಟ್ ಲಿಮಿಟೆಡ್ ಇರಬೇಕು" ಅಂತ ಒಂದೇ ಮಾತು ಹೇಳಿದರು. ಸರಿ, ಮಾಡೇಬಿಡೋಣ ಅಂತ ನಾವು.

ಫೋನ್ ತೆಗೆದರೆ ಸಾಕು, ಜಾಹೀರಾತು ಕಾಯುತ್ತಾ ಕೂತಿತ್ತು. 5,999 ರೂಪಾಯಿಗೆ ಕಂಪನಿ! ಪಕ್ಕದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ "ಸರ್ಕಾರಿ ಶುಲ್ಕ ಪ್ರತ್ಯೇಕ" ಅಂತ ಇತ್ತು. ಕೊನೆಗೆ ಕೈಯಿಂದ ಹೋಗಿದ್ದು 14 ಸಾವಿರದ ಹತ್ತಿರ ಹತ್ತಿರ. ಅದರಲ್ಲಿ ಮೋಸ ಏನೂ ಇಲ್ಲ, ಅದನ್ನು ಹೇಳಿಬಿಡಬೇಕು. ಅಧಿಕೃತ ಬಂಡವಾಳ (ಕಂಪನಿ ಹೆಚ್ಚೆಂದರೆ ಎಷ್ಟು ಮೊತ್ತದ ಷೇರು ಕೊಡಬಹುದು ಅನ್ನುವ ಮಿತಿ) 15 ಲಕ್ಷದ ಒಳಗಿದ್ದರೆ ಕೇಂದ್ರದವರು ನೋಂದಣಿ ಫೀಸು ಅಂತ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಹೆಸರು ಕಾಯ್ದಿರಿಸಲು 1,000 ರೂಪಾಯಿ. ತೆರಿಗೆಗೆ ಬೇಕಾದ ಪ್ಯಾನ್, ಟ್ಯಾನ್ ನಂಬರ್ ಎರಡೂ ಸೇರಿ 200 ಕೂಡ ಆಗುವುದಿಲ್ಲ. ಮುದ್ರಾಂಕ ಶುಲ್ಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇಬ್ಬರು ಡೈರೆಕ್ಟರ್‌ಗಳಿಗೂ ಡಿಜಿಟಲ್ ಸಹಿ ಬೇಕು, ಪೆನ್‌ಡ್ರೈವ್ ಥರದ್ದೊಂದು ಟೋಕನ್‌ನಲ್ಲಿ ಹಾಕಿ ಕೊಡುತ್ತಾರೆ, ಒಂದಕ್ಕೆ 1,800 ಕೊಟ್ಟೆವು. ಉಳಿದದ್ದು ಕೆಲಸ ಮಾಡಿಕೊಟ್ಟವರ ಫೀಸು. ಮೊದಲಿನ ಹಾಗೆ ಒಂದು ಲಕ್ಷ ಬಂಡವಾಳ ಇರಲೇಬೇಕು ಅನ್ನುವ ನಿಯಮ ಕೂಡ 2015ರ ತಿದ್ದುಪಡಿಯಲ್ಲಿ ಹೋಗಿದೆ. ಆದರೂ ನಾವು ಗತ್ತಿಗೆ ತಲಾ 50 ಸಾವಿರ ಹಾಕಿದೆವು. ಹೊಸ ಕರೆಂಟ್ ಅಕೌಂಟಿನ ಮೊದಲ ಎಂಟ್ರಿ ಅದೇ.

ಸರ್ಟಿಫಿಕೇಟು ಮೇಲ್‌ನಲ್ಲಿ ಬಂದ ದಿನ ಮನೆಯಲ್ಲಿ ಹಬ್ಬ. ನನ್ನ ಹೆಸರಿನ ಮುಂದೆ ಡೈರೆಕ್ಟರ್. ಗೇಟಿಗೆ ಬೋರ್ಡು ಬರೆಸಿದೆವು, ಇಂಗ್ಲಿಷಿನಲ್ಲಿ. ನಮ್ಮ ಸಿಎ ಮನೆಗೆ ಬಂದವರು ಅದನ್ನು ನೋಡಿ, "ಕನ್ನಡದಲ್ಲೂ ಬರೆಸಿ, ಕಂಪನಿ ಕಾಯ್ದೆಯಲ್ಲೇ ಇದೆ" ಅಂದರು. ನಿಜ, 2013ರ ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಕಂಪನಿಯ ಹೆಸರು, ವಿಳಾಸವನ್ನು ಆ ಜಾಗದ ಜನ ಬಳಸುವ ಲಿಪಿಯಲ್ಲೂ ಹಾಕಬೇಕು. ಬೋರ್ಡಿಗಾಗಿ ಗಲಾಟೆ ಆಗುವ ಊರಿನಲ್ಲಿ ಇದು ಎಷ್ಟು ಜನಕ್ಕೆ ಗೊತ್ತು? ಇರಲಿ, ಇನ್ನೊಂದು 1,200 ಹೋಯಿತು. ಅದೊಂದು ಖರ್ಚಿಗೆ ಬೇಜಾರಿಲ್ಲ.

ಆಮೇಲೆ ಶುರುವಾಯಿತು ನೋಡಿ.

ಕಂಪನಿ ಹುಟ್ಟಿದ 30 ದಿನದೊಳಗೆ ಆಡಿಟರ್ ನೇಮಕ ಆಗಬೇಕು. 180 ದಿನದೊಳಗೆ "ಷೇರಿನ ದುಡ್ಡು ಬಂದಿದೆ, ವ್ಯಾಪಾರ ಶುರು ಮಾಡುತ್ತಿದ್ದೇವೆ" ಅಂತ ಐಎನ್‌ಸಿ-20ಎ ಅನ್ನುವ ಫಾರಂ ಹಾಕಬೇಕು. ತಪ್ಪಿದರೆ ಕಂಪನಿಗೆ 50 ಸಾವಿರ ದಂಡ, ಡೈರೆಕ್ಟರ್‌ಗಳಿಗೆ ದಿನಕ್ಕೆ 1,000ದ ಲೆಕ್ಕ ಬೇರೆ. ವ್ಯಾಪಾರ ಒಂದು ರೂಪಾಯಿ ಆಗದಿದ್ದರೂ ಪ್ರತಿ ವರ್ಷ ಆಡಿಟ್ ಕಡ್ಡಾಯ. ಎಜಿಎಂ, ಅಂದರೆ ಷೇರುದಾರರ ವಾರ್ಷಿಕ ಸಭೆ, ಮಾಡಿ 30 ದಿನಕ್ಕೆ ಲೆಕ್ಕಪತ್ರದ ಎಓಸಿ-4, 60 ದಿನಕ್ಕೆ ವಾರ್ಷಿಕ ವಿವರದ ಎಂಜಿಟಿ-7ಎ. ಕೈಯಿಂದ ದುಡ್ಡು ಹಾಕಿದ್ದೀರಾ? ಅದು ಡೈರೆಕ್ಟರ್ ಕೊಟ್ಟ ಸಾಲ, ಅದಕ್ಕೆ ಜೂನ್ 30ರೊಳಗೆ ಡಿಪಿಟಿ-3. ಡೈರೆಕ್ಟರ್ ಅನ್ನುವವನು ಇನ್ನೂ ಅದೇ ಫೋನ್ ನಂಬರ್, ಅದೇ ಮೇಲ್ ಇಟ್ಟುಕೊಂಡಿದ್ದಾನೆ ಅಂತ ತೋರಿಸಲು ಆಗ ಪ್ರತಿ ಸೆಪ್ಟೆಂಬರ್ 30ರೊಳಗೆ ಕೆವೈಸಿ. ಕಂಪನಿಯ ಆದಾಯ ತೆರಿಗೆ ರಿಟರ್ನ್ ಬೇರೆ, ಲಾಭ ಇರಲಿ ಬಿಡಲಿ. ರಾಜ್ಯದ ವೃತ್ತಿ ತೆರಿಗೆ ವರ್ಷಕ್ಕೆ 2,500. ಜಿಎಸ್‌ಟಿ ತಿಂಗಳು ತಿಂಗಳು.

ಎಜಿಎಂ ಬಗ್ಗೆ ಒಂದು ಮಾತು ಹೇಳಲೇಬೇಕು. ಷೇರುದಾರರು ಇಬ್ಬರೇ, ನಾನು ಮತ್ತು ಭಾವಮೈದ. ಅವನು ವಾರಕ್ಕೆ ನಾಲ್ಕು ದಿನ ನಮ್ಮ ಮನೆಯಲ್ಲೇ ಊಟ ಮಾಡುವವನು. ಅವನಿಗೆ 21 ದಿನ ಮುಂಚೆ ಲಿಖಿತ ನೋಟಿಸ್ ಕೊಡಬೇಕು ಅಂತ ಗೊತ್ತಾದಾಗ ನನ್ನ ಹೆಂಡತಿ ನಕ್ಕಿದ್ದು ಇನ್ನೂ ನೆನಪಿದೆ. ಭಾನುವಾರ ಬೆಳಿಗ್ಗೆ 11 ಗಂಟೆಗೆ ಊಟದ ಮೇಜಿನ ಮೇಲೆ ಸಭೆ. "ಅಧ್ಯಕ್ಷರು ಕೋರಂ ಇದೆಯೆಂದು ತಿಳಿಸಿ ಸಭೆಗೆ ಹಾಜರಾದ ಸದಸ್ಯರನ್ನು ಸ್ವಾಗತಿಸಿದರು" ಅಂತ ಮಿನಿಟ್ಸ್‌ನಲ್ಲಿ ಬರೆದಿದೆ. ಅಧ್ಯಕ್ಷ ನಾನು. ಹಾಜರಾದ ಸದಸ್ಯರು ಅವನು, ಕೈಯಲ್ಲಿ ಟೀ ಲೋಟ. ಕೊನೆಗೆ ವಂದನಾರ್ಪಣೆಯೂ ಇದೆ. ದೊಡ್ಡ ಕಂಪನಿಯ ಸಾವಿರಾರು ಷೇರುದಾರರ ಹಿತ ಕಾಯಲು ಮಾಡಿದ ಕಾನೂನು ಅದು, ಒಳ್ಳೆಯದೇ. ಆದರೆ ಇಬ್ಬರೇ ಇರುವ ಕಡೆ ಅದು ಬೊಂಬೆಗೆ ಪಟ್ಟಾಭಿಷೇಕ ಮಾಡಿದ ಹಾಗೆ.

ಇದೆಲ್ಲಾ ಮಾಡಿಕೊಡಲು ನಮ್ಮ ಸಿಎ ವರ್ಷಕ್ಕೆ 28 ಸಾವಿರ ತೆಗೆದುಕೊಂಡರು. ಜಾಸ್ತಿ ಅಂತ ನಾನು ಹೇಳುವುದಿಲ್ಲ. ಅವರು ಮಾಡಿದ ಕೆಲಸ ನೋಡಿದರೆ ಕಡಿಮೆಯೇ. ನನ್ನ ದೂರು ಅವರ ಮೇಲಲ್ಲ. ಒಂದು ಸಲ ಮಗಳ ಸ್ಕೂಲ್ ಫೀಸು ಕಟ್ಟಲು ಕೈಯಲ್ಲಿ ದುಡ್ಡಿರಲಿಲ್ಲ, ಕಂಪನಿ ಅಕೌಂಟಿನಿಂದ ಕಟ್ಟಿಬಿಟ್ಟೆ. ಸಿಎ ಫೋನ್ ಮಾಡಿದರು. "ಸಾರ್, ಅದು ನಿಮ್ಮ ದುಡ್ಡಲ್ಲ, ಕಂಪನಿ ದುಡ್ಡು." ನಾನೇ ದುಡಿದದ್ದಲ್ವಾ ಅಂದೆ. "ದುಡಿದವರು ನೀವೇ, ಆದರೆ ಬಿಲ್ ಮಾಡಿದ್ದು ಕಂಪನಿ" ಅಂದರು. ಸಂಬಳ ಅಂತ ತೆಗೆದುಕೊಳ್ಳಬೇಕು, ಇಲ್ಲಾ ಲಾಭದ ಮೇಲೆ ಕಂಪನಿ ತೆರಿಗೆ ಕಟ್ಟಿ ಆಮೇಲೆ ಡಿವಿಡೆಂಡ್, ಅಂದರೆ ಷೇರಿನ ಲಾಭಾಂಶ, ಅಂತ ತೆಗೆದುಕೊಳ್ಳಬೇಕು, ಆ ಡಿವಿಡೆಂಡಿಗೆ ನನ್ನ ಕೈಯಲ್ಲಿ ಮತ್ತೆ ತೆರಿಗೆ. ಒಂಟಿಯಾಗಿ ವ್ಯಾಪಾರ ಮಾಡುತ್ತಿದ್ದಾಗ ಜೇಬು ಒಂದೇ ಇತ್ತು. ಈಗ ಎರಡು ಜೇಬು, ಮಧ್ಯೆ ಗೋಡೆ.

ಆ ಗೋಡೆಗೇ ಅಲ್ವಾ ನಾವು ದುಡ್ಡು ಕೊಟ್ಟಿದ್ದು? ಸೀಮಿತ ಹೊಣೆ ಅಂದರೆ ಅದೇ, ಕಂಪನಿಯ ಸಾಲಕ್ಕೆ ನಮ್ಮ ಸ್ವಂತ ಆಸ್ತಿ ಹೋಗುವುದಿಲ್ಲ ಅನ್ನುವುದು. ಲಂಡನ್ನಿನಲ್ಲಿ ಬೂಟು ಮಾಡುತ್ತಿದ್ದ ಆರೋನ್ ಸಾಲೋಮನ್ ಅನ್ನುವವನ ಕೇಸು 1897ರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ತನಕ ಹೋಗಿತ್ತು. ಅವನ ಕಂಪನಿ ಮುಳುಗಿದಾಗ ಸಾಲ ಕೊಟ್ಟವರು ಅವನ ಬೆನ್ನು ಹತ್ತಿದರು. ಷೇರೆಲ್ಲಾ ಅವನದೇ, ಮನೆಯವರ ಹೆಸರಲ್ಲಿ ಒಂದೊಂದು ಅಷ್ಟೆ. ಆದರೂ ಕಂಪನಿ ಬೇರೆ, ಸಾಲೋಮನ್ ಬೇರೆ ಅಂತ ತೀರ್ಪಾಯಿತು. ಇಂದಿಗೂ ನಮ್ಮ ದೇಶದ ಕಾನೂನು ಪಾಠದಲ್ಲಿ ಮೊದಲು ಹೇಳುವ ಕೇಸು ಅದು. ಕೇಳಲು ಚೆನ್ನಾಗಿದೆ. ಆದರೆ ನಾವು ಮೂರು ಲಕ್ಷದ ಓವರ್‌ಡ್ರಾಫ್ಟ್ ಕೇಳಲು ಹೋದಾಗ ಬ್ಯಾಂಕಿನವರು ಮೊದಲು ಮುಂದಿಟ್ಟ ಕಾಗದವೇ ಇಬ್ಬರು ಡೈರೆಕ್ಟರ್‌ಗಳ ಪರ್ಸನಲ್ ಗ್ಯಾರಂಟಿ, ಅಂದರೆ ಕಂಪನಿ ತೀರಿಸದಿದ್ದರೆ ನಾವೇ ತೀರಿಸುತ್ತೇವೆ ಅನ್ನುವ ಮುಚ್ಚಳಿಕೆ. ಅದಕ್ಕೆ ಸಹಿ ಹಾಕಿದ ಕ್ಷಣ ಆ ಸಾಲದ ಮಟ್ಟಿಗೆ ಗೋಡೆ ಬಿತ್ತು. ಬ್ಯಾಂಕಿನವರದು ತಪ್ಪಲ್ಲ, ಒಂದು ಲಕ್ಷ ಬಂಡವಾಳ ನೋಡಿ ಮೂರು ಲಕ್ಷ ಯಾರು ಕೊಡುತ್ತಾರೆ? ತೆರಿಗೆ ಬಾಕಿಯ ವಿಷಯದಲ್ಲೂ ಹಾಗೆಯೇ. ಪ್ರೈವೇಟ್ ಕಂಪನಿಯಿಂದ ವಸೂಲಾಗದ ಆದಾಯ ತೆರಿಗೆಯನ್ನು, ಡೈರೆಕ್ಟರ್ ತನ್ನ ಕಡೆ ತಪ್ಪಿಲ್ಲ ಅಂತ ತೋರಿಸದಿದ್ದರೆ, ಅವನಿಂದಲೇ ವಸೂಲಿ ಮಾಡಬಹುದು. ಹಾಗಾಗಿ ನಮ್ಮಂಥ ಸಣ್ಣವರಿಗೆ ಈ ಗೋಡೆ ಎಷ್ಟು ದಪ್ಪ ಅಂತ ಕೇಳಿಕೊಂಡು ಆಮೇಲೆ ದುಡ್ಡು ಕೊಡಬೇಕು.

ಗೋಡೆ ಸುಳ್ಳು ಅಂತ ಹೇಳುತ್ತಿಲ್ಲ. ಹೊರಗಿನವರು ಬಂಡವಾಳ ಹಾಕುವುದಾದರೆ, ಅಪಾಯದ ಕೆಲಸವಾದರೆ, ನಾಲ್ಕು ಜನ ಸೇರಿ ಷೇರು ಹಂಚಿಕೊಳ್ಳುವುದಾದರೆ ಕಂಪನಿಯೇ ಸರಿ. ನಮಗೆ ಇದ್ದದ್ದು ಒಬ್ಬ ಗಿರಾಕಿ.

ಆ ಗಿರಾಕಿ 2023ರ ಜನವರಿಯಲ್ಲಿ ಬೇರೆಯವರಿಗೆ ಕೆಲಸ ಕೊಟ್ಟರು. ಕೊನೆಯ ಬಿಲ್ ಆ ತಿಂಗಳದ್ದೇ. ಭಾವಮೈದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿಕೊಂಡ, ನಾನು ಹಳೇ ಗಿರಾಕಿಗಳನ್ನು ನನ್ನ ಹೆಸರಲ್ಲೇ ನೋಡಿಕೊಳ್ಳಲು ಶುರು ಮಾಡಿದೆ. ಜಿಎಸ್‌ಟಿ ಕ್ಯಾನ್ಸಲ್ ಮಾಡಿಸಿದೆವು. ಬೋರ್ಡು ಇಳಿಸಿ ಅಟ್ಟದ ಮೇಲೆ ಹಾಕಿದೆವು. ಕಂಪನಿ ಮುಗೀತು ಅಂದುಕೊಂಡೆವು.

ಇದು ನಮ್ಮ ದಡ್ಡತನ, ಒಪ್ಪುತ್ತೇನೆ. ಸಿಎ ಆಫೀಸಿನಿಂದ ವಾಟ್ಸಾಪ್ ಬರುತ್ತಿತ್ತು, ಬಾಕಿ ಫೀಸು ಕೇಳುತ್ತಾರೆ ಅಂತ ನಾನು ಅದನ್ನು ತೆರೆಯುತ್ತಲೇ ಇರಲಿಲ್ಲ. ಆದರೆ ಸಂಪಾದಕರೇ, ಅಂಗಡಿ ಬಾಗಿಲು ಹಾಕಿದರೆ ಅಂಗಡಿ ಮುಚ್ಚಿತು ಅಂತ ತಾನೇ ಎಲ್ಲರೂ ಅಂದುಕೊಳ್ಳುವುದು? ಕಂಪನಿ ಹಾಗಲ್ಲ. ನೀವು ಅದನ್ನು ಮರೆತರೂ ಅದು ನಿಮ್ಮನ್ನು ಮರೆಯುವುದಿಲ್ಲ. ಬಾಡಿಗೆಗೆ ತಂದ ಸೈಕಲ್ಲನ್ನು ಅಂಗಡಿಗೆ ವಾಪಸ್ ಬಿಡದೆ ಮನೆ ಹಿಂದೆ ನಿಲ್ಲಿಸಿದ ಹಾಗೆ. ತುಳಿಯಲಿ ಬಿಡಲಿ, ಬಾಡಿಗೆ ಓಡುತ್ತಲೇ ಇರುತ್ತದೆ.

ಗೊತ್ತಾಗಿದ್ದು 2025ರ ಜೂನ್‌ನಲ್ಲಿ. ಭಾವಮೈದನ ಗೆಳೆಯ ಒಂದು ಕಂಪನಿ ಮಾಡುತ್ತಿದ್ದ, ಇವನನ್ನು ಡೈರೆಕ್ಟರ್ ಆಗು ಅಂತ ಕರೆದ. ಇವನ ಡಿನ್ ನಂಬರ್, ಅಂದರೆ ಡೈರೆಕ್ಟರ್ ಗುರುತಿನ ಸಂಖ್ಯೆ, ಹಾಕಿ ನೋಡಿದರೆ ಕೆವೈಸಿ ಆಗಿಲ್ಲ, ನಿಷ್ಕ್ರಿಯ ಅಂತ ಬಂತು. ಅಲ್ಲಿಂದ ದಾರ ಹಿಡಿದು ಎಳೆದರೆ ಪೂರ್ತಿ ಸೀರೆಯೇ ಬಿಚ್ಚಿಕೊಂಡಿತು. ನಾನು ತಲೆ ತಗ್ಗಿಸಿಕೊಂಡು ಅದೇ ಸಿಎ ಹತ್ತಿರ ಹೋದೆ. ಅವರು ಬೈಯಲಿಲ್ಲ, ಅದೇ ಜಾಸ್ತಿ ನೋವಾಯಿತು. ಕ್ಯಾಲ್ಕುಲೇಟರ್ ತೆಗೆದರು.

ಲೆಕ್ಕ ಹೀಗಿತ್ತು. 2022-23ನೇ ಸಾಲಿನ ಎಓಸಿ-4 ಹಾಕಲು ಕೊನೆಯ ದಿನ 2023ರ ಅಕ್ಟೋಬರ್ 30. ಅಲ್ಲಿಂದ 2025ರ ಜೂನ್ 16ಕ್ಕೆ 595 ದಿನ. ದಿನಕ್ಕೆ 100 ರೂಪಾಯಿ ಲೇಟ್ ಫೀ, ಆಯಿತು 59,500. ಎಂಜಿಟಿ-7ಎಗೆ ಕೊನೆಯ ದಿನ ನವೆಂಬರ್ 29, ಅದಕ್ಕೆ 565 ದಿನ, 56,500. ಎರಡೂ ಸೇರಿ 1,16,000. ಈ ಎರಡು ಫಾರಂಗಳ ಮೂಲ ಫೀಸು ಎಷ್ಟು ಗೊತ್ತಾ? ನಮ್ಮ ಬಂಡವಾಳಕ್ಕೆ ಒಂದೊಂದಕ್ಕೆ 300 ರೂಪಾಯಿ. ಅಂದರೆ ಮೂರನೇ ದಿನಕ್ಕೇ ದಂಡ ಮೂಲ ಫೀಸಿನಷ್ಟಾಯಿತು, ಆಮೇಲಿನ ಒಂದೂವರೆ ವರ್ಷ ಬರೀ ದಂಡವೇ. ಆ ಫಾರಂಗಳಲ್ಲಿ ಇದ್ದ ಮಾಹಿತಿ ಏನು ಅಂತೀರಿ? ಕಂಪನಿ ಜನವರಿ ತನಕ ವ್ಯಾಪಾರ ಮಾಡಿದೆ, ಮಾಲೀಕರು ಮೊದಲಿನ ಇಬ್ಬರೇ, ಅಷ್ಟೆ.

ಪುಣ್ಯಕ್ಕೆ, ಮುಚ್ಚುವ ಅರ್ಜಿ ಹಾಕಬೇಕಾದರೆ ವ್ಯಾಪಾರ ನಿಂತ ಆರ್ಥಿಕ ವರ್ಷದ ತನಕದ ಬಾಕಿ ಸಲ್ಲಿಸಿದರೆ ಸಾಕು ಅನ್ನುವ ನಿಯಮ ಇದೆ. ಇಲ್ಲದಿದ್ದರೆ 2023-24ರದ್ದೂ ಸೇರುತ್ತಿತ್ತು. ಇನ್ನೊಂದು ಗಂಡಾಂತರವೂ ಪಕ್ಕದಲ್ಲೇ ನಿಂತಿತ್ತು. ಸತತ ಮೂರು ವರ್ಷ ಲೆಕ್ಕ ಸಲ್ಲಿಸದಿದ್ದರೆ 164ನೇ ಸೆಕ್ಷನ್ ಪ್ರಕಾರ ಡೈರೆಕ್ಟರ್‌ಗಳು ಐದು ವರ್ಷ ಅನರ್ಹ, ಬೇರೆ ಯಾವ ಕಂಪನಿಗೂ ಸೇರುವ ಹಾಗಿಲ್ಲ. ಇದು ಬರೀ ಬೆದರಿಕೆ ಅಲ್ಲ. 2017ರಲ್ಲಿ ದೇಶದಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರನ್ನು ಸರ್ಕಾರಿ ಪಟ್ಟಿಯಿಂದ ಹೊಡೆದುಹಾಕಿ, 3 ಲಕ್ಷಕ್ಕೂ ಹೆಚ್ಚು ಡೈರೆಕ್ಟರ್‌ಗಳನ್ನು ಹೀಗೆ ಅನರ್ಹ ಮಾಡಿದ್ದರು. ಬೇನಾಮಿ ಕಂಪನಿ ಇಟ್ಟುಕೊಂಡು ಕಪ್ಪುಹಣ ತಿರುಗಿಸುವವರನ್ನು ಹಿಡಿಯಲು ಮಾಡಿದ್ದು, ಮಾಡಬೇಕಾದದ್ದೇ. ಬಲೆ ದೊಡ್ಡದಾದಾಗ ಕೆಲಸ ನಿಂತು ಸುಮ್ನೆ ಬಿದ್ದಿದ್ದ ನಮ್ಮಂಥ ಕಂಪನಿಗಳೂ ಅದರೊಳಗೆ ಬರುತ್ತವೆ.

ಉಳಿದ ಖರ್ಚು ಬೇಗ ಹೇಳಿಬಿಡುತ್ತೇನೆ. ಇಬ್ಬರ ಕೆವೈಸಿ ದಂಡ ತಲಾ 5,000ದಂತೆ 10,000. ಮುಚ್ಚುವ ಅರ್ಜಿ ಎಸ್‌ಟಿಕೆ-2, ಅದರ ಸರ್ಕಾರಿ ಫೀಸು 10,000. ಗಮನಿಸಿ, ಹುಟ್ಟಲು ಸೊನ್ನೆ, ಸಾಯಲು ಹತ್ತು ಸಾವಿರ. ನಾವು ಮಾಡಿಸಿದ್ದ ಡಿಜಿಟಲ್ ಸಹಿಗೆ ಎರಡು ವರ್ಷದ ಆಯುಸ್ಸು, ಅದು ಮುಗಿದಿತ್ತು, ಮುಚ್ಚುವುದಕ್ಕೆ ಅಂತಲೇ ಹೊಸದು ಮಾಡಿಸಿದೆವು, 3,600. ಹಳೇ ಆಡಿಟ್ ಮತ್ತು ಮುಚ್ಚುವ ಕೆಲಸ ಸೇರಿ ಸಿಎಗೆ 35,000. ಮುಂದೆ ಯಾರಾದರೂ ಬಾಕಿ ಕೇಳಿಕೊಂಡು ಬಂದರೆ ನಾವೇ ಕೊಡುತ್ತೇವೆ ಅಂತ ಇಬ್ಬರೂ ಛಾಪಾಕಾಗದದಲ್ಲಿ ಬರೆದು ನೋಟರಿ ಮಾಡಿಸಿದ್ದಕ್ಕೆ 1,800. ಫಾರಂಗಳ ಮೂಲ ಫೀಸು 600 ಸೇರಿಸಿ ಒಟ್ಟು ಹಾಕಿ, 1,77,000 ಬರುತ್ತದೆ. ಅಕೌಂಟಿನಲ್ಲಿ ಅಷ್ಟು ದಿನ ಉಳಿದಿದ್ದ ಚಿಲ್ಲರೆಯನ್ನು ಮಿನಿಮಮ್ ಬ್ಯಾಲೆನ್ಸ್ ಚಾರ್ಜು ಆಗಲೇ ತಿಂದು ಮುಗಿಸಿತ್ತು.

ಆ ನೋಟರಿ ಕಾಗದ ಓದುವಾಗ ನನಗೆ ನಗು ಬಂತು. ಹೊಣೆ ಸೀಮಿತವಾಗಿರಲಿ ಅಂತ ಮಾಡಿದ ಕಂಪನಿ. ಅದನ್ನು ಮುಚ್ಚುವಾಗ "ಎಲ್ಲಾ ಹೊಣೆ ನಮ್ಮದೇ" ಅಂತ ಬರೆದುಕೊಡಬೇಕು! ಹೆಸರು ಹೊಡೆದ ಮೇಲೂ ಡೈರೆಕ್ಟರ್‌ಗಳ ಹೊಣೆ ಹಾಗೇ ಉಳಿಯುತ್ತದೆ ಅಂತ ಕಾಯ್ದೆಯಲ್ಲೂ ಇದೆ. ಬಾಕಿ ಬರಬೇಕಾದವರು ಕಂಪನಿ ಕಾನೂನಿನ ಟ್ರಿಬ್ಯೂನಲ್‌ಗೆ ಹೋಗಿ 20 ವರ್ಷದ ತನಕ ಸತ್ತ ಕಂಪನಿಯನ್ನು ಎಬ್ಬಿಸಲೂಬಹುದು.

ಅಂದಹಾಗೆ ಈಗ ಕಂಪನಿಗಳ ನೋಂದಣಿಯೂ ಮುಚ್ಚುವ ಅರ್ಜಿಯೂ ನಡೆಯುವುದು ಹರಿಯಾಣದ ಮಾನೇಸರ್‌ನಲ್ಲಿ. ಮುಚ್ಚುವುದಕ್ಕೆ ಅಂತಲೇ 2023ರಲ್ಲಿ ಅಲ್ಲಿ ಬೇರೆ ಕೇಂದ್ರ ಮಾಡಿದ್ದಾರೆ. ನಮ್ಮ ಅರ್ಜಿ ಬಾಕಿಯೆಲ್ಲಾ ಕಟ್ಟಿದ ಮೇಲೆ ಮೂರು ತಿಂಗಳಲ್ಲಿ ಮುಗಿಯಿತು, ಅದಕ್ಕೆ ಮೆಚ್ಚಲೇಬೇಕು. ನಮ್ಮ ಕಂಪನಿ ಹುಟ್ಟಿದ್ದೂ ಸತ್ತದ್ದೂ ಒಂದೇ ಊರಲ್ಲಿ, ನಾವಿಬ್ಬರೂ ಆ ಊರು ನೋಡಿಲ್ಲ.

ಈಗ ನನ್ನ ತಕರಾರಿಗೆ ಬರುತ್ತೇನೆ. ಲೇಟ್ ಫೀ ಬೇಡ ಅಂತ ನಾನು ಹೇಳುತ್ತಿಲ್ಲ. ಲೆಕ್ಕ ಕೊಡದವನಿಗೆ ಬಿಸಿ ಮುಟ್ಟಬೇಕು. ಆದರೆ 2018ರ ಜುಲೈ 1ಕ್ಕಿಂತ ಮುಂಚೆ ಇದೇ ಫಾರಂಗಳಿಗೆ ಲೇಟ್ ಫೀ ಹೆಚ್ಚೆಂದರೆ ಮೂಲ ಫೀಸಿನ 12 ಪಟ್ಟು ಇತ್ತು. ನಮ್ಮ ಲೆಕ್ಕಕ್ಕೆ ಒಂದಕ್ಕೆ 3,600, ಎರಡಕ್ಕೆ 7,200. ಆಮೇಲೆ ದಿನಕ್ಕೆ 100 ಅಂತ ಮಾಡಿದರು, ಮೇಲೆ ಮಿತಿ ಇಲ್ಲ. ನೂರಾರು ಕೋಟಿ ವಹಿವಾಟಿನ ಕಂಪನಿಗೂ ದಿನಕ್ಕೆ ಅದೇ 100, ಅಟ್ಟದ ಮೇಲೆ ಬೋರ್ಡು ಹಾಕಿದ ನಮಗೂ ಅದೇ 100. ಅವರಿಗೆ ಅದು ಆಫೀಸಿನ ಬಿಸ್ಕತ್ತಿನ ಖರ್ಚೂ ಅಲ್ಲ. 7,200 ಆಗಬೇಕಾದದ್ದು 1,16,000 ಆದಾಗ ನಮ್ಮಂಥವರು ಏನು ಮಾಡುತ್ತಾರೆ? ಮುಚ್ಚಲು ಬರುವುದೇ ಇಲ್ಲ. ತಡವಾದಷ್ಟೂ ಬಾಕಿ ಬೆಳೆಯುತ್ತದೆ, ಬಾಕಿ ಬೆಳೆದಷ್ಟೂ ಭಯ, ಭಯದಲ್ಲಿ ಇನ್ನಷ್ಟು ತಡ. ಸಿಎ ಕಪಾಟಿನಲ್ಲಿ ಇಂಥ ಫೈಲುಗಳ ಒಂದು ಸಾಲೇ ಇತ್ತು, ಬೆನ್ನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೀ ಇಸವಿ ಬರೆದದ್ದು.

ಎಲ್‌ಎಲ್‌ಪಿಗಳಿಗೆ (ಹೊಣೆಗೆ ಮಿತಿ ಇರುವ ಪಾಲುದಾರಿಕೆ ಸಂಸ್ಥೆಗಳಿಗೆ) ಇದೇ ದಿನಕ್ಕೆ 100 ಅನ್ನುವ ಲೆಕ್ಕ ಇತ್ತು. 2022ರಲ್ಲಿ ಅದನ್ನು ತೆಗೆದು, ಸಣ್ಣ ಎಲ್‌ಎಲ್‌ಪಿಗೆ ಕಡಿಮೆ, ದೊಡ್ಡದಕ್ಕೆ ಜಾಸ್ತಿ ಅನ್ನುವ ಮೆಟ್ಟಿಲು ಲೆಕ್ಕ ತಂದರು. ಅಲ್ಲಿ ಆಗಿದ್ದು ಕಂಪನಿಗಳಿಗೆ ಯಾಕೆ ಆಗಬಾರದು? 2020ರಲ್ಲಿ ಕೊರೊನಾ ಸಮಯದಲ್ಲಿ ಏಪ್ರಿಲ್‌ನಿಂದ ಡಿಸೆಂಬರ್ ತನಕ ಲೇಟ್ ಫೀ ಪೂರ್ತಿ ಮಾಫಿ ಮಾಡಿ ಬಾಕಿ ಸಲ್ಲಿಸಲು ಬಿಟ್ಟಿದ್ದರು. ಅಂದರೆ ಮನಸ್ಸಿದ್ದರೆ ಮಾರ್ಗ ಇದೆ. ವ್ಯಾಪಾರ ನಿಂತು ಮುಚ್ಚಲು ಬಂದವರಿಗೆ ದಂಡ ಬಂಡವಾಳಕ್ಕಿಂತ ಹೆಚ್ಚಾಗದ ಹಾಗೆ ಒಂದು ಮಿತಿ ಹಾಕಿ, ಸಾಕು. ಇಷ್ಟು ಕೇಳುತ್ತಿದ್ದೇನೆ, ಮಾಫಿ ಕೇಳುತ್ತಿಲ್ಲ.

ಇನ್ನೊಂದು ಮಾತು ಹೊಸಬರಿಗೆ. ನಾವು ಫಿಲ್ಟರ್ ಮಾರುವಾಗ ಗಿರಾಕಿಗೆ ಮೊದಲೇ ಹೇಳುತ್ತೇವೆ, ಮಶಿನ್ ಬೆಲೆ ನೋಡಬೇಡಿ, ವರ್ಷಕ್ಕೆ ಕ್ಯಾಂಡಲ್ ಎಷ್ಟು, ಮೆಂಬ್ರೇನ್ ಎಷ್ಟು ಅಂತ ಕೇಳಿ ಅಂತ. ಅದೇ ನಾನು ಕಂಪನಿ ಕೊಳ್ಳುವಾಗ ಆ ಪ್ರಶ್ನೆ ಕೇಳಲಿಲ್ಲ! 5,999 ಅನ್ನುವವರಿಗೆ ಎರಡು ಪ್ರಶ್ನೆ ಕೇಳಿ. ಒಂದು, ಒಂದು ರೂಪಾಯಿ ವ್ಯಾಪಾರ ಆಗದ ವರ್ಷಕ್ಕೆ ಎಷ್ಟು ಖರ್ಚು? ಎರಡು, ಬೇಡ ಅನಿಸಿದ ದಿನ ಮುಚ್ಚಲು ಎಷ್ಟು? ಎರಡಕ್ಕೂ ಅಂಕಿ ಬರೆಸಿಕೊಳ್ಳಿ.

ಕೆಲವರಿಗೆ ಕಂಪನಿ ಬೇಕಾಗಿಯೇ ಇರುವುದಿಲ್ಲ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿಗೆ ಕಂಪನಿ ಬೇಕು ಅಂದುಕೊಂಡವರನ್ನು ನೋಡಿದ್ದೇನೆ. ಬೇಡ, ಒಂಟಿ ವ್ಯಾಪಾರಿಗೂ ಅದು ಸಿಗುತ್ತದೆ, ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ಇಬ್ಬರು ಸೇರಿ ಮಾಡುವುದಾದರೆ 1932ರ ಕಾಯ್ದೆಯ ಹಳೇ ಪಾಲುದಾರಿಕೆ ಇದೆ, ಖರ್ಚು ಕಡಿಮೆ, ಆದರೆ ಹೊಣೆಗೆ ಮಿತಿ ಇಲ್ಲ, ಒಬ್ಬ ಮಾಡಿದ ಸಾಲಕ್ಕೆ ಇನ್ನೊಬ್ಬನ ಮನೆಯೂ ಹೋಗಬಹುದು. ಮಧ್ಯದ್ದು ಎಲ್‌ಎಲ್‌ಪಿ. ವಹಿವಾಟು 40 ಲಕ್ಷ, ಹೂಡಿಕೆ 25 ಲಕ್ಷ ದಾಟದಿದ್ದರೆ ಎಲ್‌ಎಲ್‌ಪಿ ಕಾಯ್ದೆಯ ಆಡಿಟ್ ಬೇಕಿಲ್ಲ, ಎಜಿಎಂ ನಾಟಕ ಇಲ್ಲ. ಆದರೆ ಲಾಭದ ಮೊದಲ ರೂಪಾಯಿಯಿಂದಲೇ ಶೇ 30 ತೆರಿಗೆ, ಒಂಟಿ ವ್ಯಾಪಾರಿಗೆ ಸಿಗುವ ಸ್ಲ್ಯಾಬ್ ಸಿಗುವುದಿಲ್ಲ. ಈಗಾಗಲೇ ಕಂಪನಿ ಇದ್ದು ಕೆಲಸ ನಿಂತಿದ್ದರೆ, ಆದರೆ ಮುಂದೆ ಬೇಕಾಗಬಹುದು ಅನಿಸಿದರೆ, 455ನೇ ಸೆಕ್ಷನ್‌ನಲ್ಲಿ ಅದನ್ನು "ಸುಪ್ತ" ಅಂತ ಬರೆಸಿಕೊಳ್ಳಬಹುದು, ಕೆಲಸ ಸ್ವಲ್ಪ ಹಗುರ ಆಗುತ್ತದೆ. ನನಗೆ ಇದು ತಿಳಿದದ್ದು ಮುಚ್ಚುವ ದಿನ, ಸಿಎ ಟೇಬಲ್ ಮುಂದೆ.

ನಿಮ್ಮಲ್ಲಿ ಒಂದು ವಿನಂತಿ. ಈ ಫಾರಂ, ಸುತ್ತೋಲೆ, ತಾರೀಖು ಎಲ್ಲಾ ಇಂಗ್ಲಿಷಿನಲ್ಲೇ ಇರುತ್ತವೆ. ಪಂಚಾಂಗದ ಪುಟದಲ್ಲಿ ರಾಹುಕಾಲ, ಗುಳಿಕಕಾಲ ಹಾಕುವ ಹಾಗೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಒಂದು ಮೂಲೆಯಲ್ಲಿ ಎಜಿಎಂಗೆ ಈ ದಿನ, ಎಓಸಿ-4ಕ್ಕೆ ಈ ದಿನ ಅಂತ ಕನ್ನಡದಲ್ಲಿ ಎರಡು ಸಾಲು ಹಾಕಿ. ನಾನು ವಾಟ್ಸಾಪ್ ತೆರೆಯುತ್ತಿರಲಿಲ್ಲ, ಪೇಪರ್ ಮಾತ್ರ ದಿನಾ ತೆರೆಯುತ್ತಿದ್ದೆ.

ಮೊನ್ನೆ ಭಾವಮೈದ ಊಟಕ್ಕೆ ಬಂದಿದ್ದ. ಫ್ಯಾಕ್ಟರಿ ಕೆಲಸ ಬೇಜಾರಾಗಿದೆಯಂತೆ, "ಭಾವ, ಈ ಸಲ ಎಲ್‌ಎಲ್‌ಪಿ ಮಾಡೋಣ್ವಾ?" ಅಂದ. ನಾನು ಎದ್ದು ಹೋಗಿ ಗೋಡೆಯ ಕ್ಯಾಲೆಂಡರಿನಲ್ಲಿ ಮೇ 30 ಮತ್ತು ಅಕ್ಟೋಬರ್ 30ಕ್ಕೆ ಕೆಂಪು ಸುತ್ತು ಹಾಕಿ ತೋರಿಸಿದೆ, ಎಲ್‌ಎಲ್‌ಪಿಯ ಎರಡು ಫಾರಂಗಳ ತಾರೀಖು ಅವು. ಅವನು ಸ್ವಲ್ಪ ಹೊತ್ತು ನೋಡಿ, "ಮೊದಲು ಗಿರಾಕಿ ಸಿಗಲಿ ಬಿಡು" ಅಂತ ಇನ್ನೊಂದು ಸೌಟು ಸಾರು ಹಾಕಿಸಿಕೊಂಡ.

ಇತಿ,
ಮುಚ್ಚಿಹೋದ ಒಂದು ಕಂಪನಿಯ ಮಾಜಿ ಡೈರೆಕ್ಟರ್